ನೀಲಿ ಗಿಟಾರು ಮತ್ತು ಫಿಟ್ಟರ್ ಕಾಕಾ

ಕಳೆದ ವಾರ ನನ್ನ ಸ್ಕೂಟರಿನಲ್ಲಿ ಏನೋ ಕಿರುಗುಟ್ಟುವ ಸದ್ದು ಶುರುವಾಯಿತೆಂದು ಚಿಕ್ಕಮಗಳೂರಿನ ಗ್ಯಾರೇಜೊಂದಕ್ಕೆ ಒಯ್ದಿದ್ದೆ. ಮೆಕ್ಯಾನಿಕ್ ಗಾಡಿ ಚಾಲೂ ಮಾಡಿಟ್ಟು, ಉದ್ದನೆಯ ಸ್ಕ್ರೂ ಡ್ರೈವರಿನ ತುದಿಯನ್ನು ಎಂಜಿನ್ನಿಗೆ ಒತ್ತಿ, ಮರದ ಹಿಡಿಕೆಯನ್ನು ಕಿವಿಗೆ ಹಚ್ಚಿ ಕಣ್ಣು ಮುಚ್ಚಿದ. ಅಷ್ಟೇ. ಸುತ್ತ ಗ್ರೀಸು, ಸೀಮೆಎಣ್ಣೆಯ ವಾಸನೆ... ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಫೋನ್ ಮಾಡಬೇಕು ಅಂತ ಸುಳ್ಳು ಹೇಳಿ ರಸ್ತೆಗೆ ಬಂದುಬಿಟ್ಟೆ. ನಲವತ್ತು ದಾಟಿದ ಹೆಂಗಸು ಗ್ಯಾರೇಜಿನ ಮುಂದೆ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದರೆ, ಪಾಪ, ರಿಪೇರಿ ಬಿಲ್ಲು ಜಾಸ್ತಿಯಾಯಿತೇನೋ ಎಂದುಕೊಂಡಿರಬೇಕು ಜನ.

ಮೂಡಿಗೆರೆ ಹತ್ತಿರದ ಕಾಫಿ ಎಸ್ಟೇಟೊಂದರಲ್ಲಿ ಅಪ್ಪ ಆಳುಗಳ ಲೆಕ್ಕ ಬರೆಯುವ ರೈಟರ್ ಆಗಿದ್ದರು. ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯೇ ಫಿಟ್ಟರ್ ಕಾಕಾರದ್ದು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರ, ಅದನ್ನು ಓಡಿಸುವ ಡೀಸೆಲ್ ಎಂಜಿನ್, ನೀರಿನ ಪಂಪು, ಎಲ್ಲದಕ್ಕೂ ಅವರೇ ಡಾಕ್ಟರು. ಹೆಂಡತಿ ತೀರಿಕೊಂಡು, ಒಬ್ಬಳೇ ಮಗಳನ್ನು ಉಜಿರೆ ಕಡೆಗೆ ಮದುವೆ ಮಾಡಿಕೊಟ್ಟು, ಒಬ್ಬರೇ ಇದ್ದರು. ಮೂವತ್ತು ವರ್ಷ ಆ ಪಲ್ಪರಿನ ಪಕ್ಕ ನಿಂತು ಅವರ ಕಿವಿ ಮಂದವಾಗಿತ್ತು. ಎದುರು ನಿಂತು ಮಾತಾಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಿದ್ದರು. ಬೆನ್ನ ಹಿಂದಿನಿಂದ ಕರೆದರೆ ಊರಿಗೆಲ್ಲ ಕೇಳಿಸಿದರೂ ಅವರಿಗಿಲ್ಲ.

ಯಂತ್ರದ ಕಾಯಿಲೆ ಹುಡುಕುವಾಗ ಮಾತ್ರ ಅವರನ್ನು ಮೀರಿಸುವವರಿರಲಿಲ್ಲ. ಬೇರೆಯವರು ಸ್ಕ್ರೂ ಡ್ರೈವರನ್ನು ಕಿವಿಗಿಟ್ಟುಕೊಂಡರೆ ಅವರು ಹಿಡಿಕೆಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುತ್ತಿದ್ದರು. ನೋಡಿದವರು ನಗುತ್ತಿದ್ದರು. ನಾನೂ ನಗುತ್ತಿದ್ದೆ. "ಕಿವಿ ಮೋಸ ಮಾಡ್ತದೆ ಮಾರಾಯ್ತಿ. ಹಲ್ಲು ಮೋಸ ಮಾಡಲ್ಲ" ಅನ್ನುತ್ತಿದ್ದರು.

ತೊಂಬತ್ತರ ದಶಕದ ಕೊನೆ. ನಾನು ಮೊದಲನೇ ಪಿಯುಸಿ. ಕಾಲೇಜ್ ಡೇ ದಿನ ಒಬ್ಬಳು ಸೀನಿಯರ್ ಗಿಟಾರು ನುಡಿಸಿದ್ದನ್ನು ಕೇಳಿ ಬಂದವಳು ಮನೆಯಲ್ಲಿ ಹಟ ಹಿಡಿದೆ. ಹಟದಲ್ಲಿ ನನ್ನನ್ನು ಸೋಲಿಸುವವರು ಆ ಎಸ್ಟೇಟಿನಲ್ಲಿ ಇರಲಿಲ್ಲ. ಅಪ್ಪ ಒಂದು ಉಪಾಯ ಮಾಡಿದರು. ಕೊಯ್ಲು ಮುಗಿದ ಮೇಲೆ ಗಿಡದ ಬುಡದಲ್ಲಿ ಉದುರಿದ ಕಾಫಿ ಹೆಕ್ಕಿದರೆ ಕೂಲಿ ಕೊಡಿಸುತ್ತೇನೆ, ಅಷ್ಟರಲ್ಲಿ ಬರುವ ಗಿಟಾರು ತಗೋ ಅಂದರು. ನಾಲ್ಕು ದಿನಕ್ಕೆ ಸುಸ್ತಾಗುತ್ತಾಳೆ ಎಂಬುದು ಅವರ ಅಂದಾಜು. ಬಿಸಿಲು, ಚಗಳಿ ಇರುವೆ, ಬೆನ್ನು ನೋವು, ಯಾವುದಕ್ಕೂ ಜಗ್ಗದೆ ಭಾನುವಾರಗಳಲ್ಲೆಲ್ಲ ಹೆಕ್ಕಿದೆ. ಕೊನೆಗೆ ಎಂಟುನೂರು ರೂಪಾಯಿ ಆಯಿತು. ಗಿಟಾರಿನ ತಲೆ ಯಾವುದು ಬುಡ ಯಾವುದು ಗೊತ್ತಿಲ್ಲದ ಅಪ್ಪ, ಬೇರಿಂಗ್ ತರಲು ಚಿಕ್ಕಮಗಳೂರಿಗೆ ಹೊರಟಿದ್ದ ಕಾಕಾರ ಜೊತೆ ನನ್ನನ್ನು ಕಳಿಸಿದರು. "ಫಿಟ್ಟರ್ ನೋಡಿ ಕೊಡಿಸಿದ್ರೆ ತಪ್ಪಾಗಲ್ಲ" ಅಂದರು.

ಹಾರ್ಮೋನಿಯಂ, ತಬಲ ಮಾರುವ ಸಣ್ಣ ಅಂಗಡಿ ಅದು. ನನ್ನ ದುಡ್ಡಿಗೆ ಬರುವಂಥವು ಮೂರೇ ಗಿಟಾರು ಇದ್ದವು. ಒಂದು ಕಪ್ಪು. ಒಂದು ಹೊಳೆಯುವ ನೀಲಿ. ಇನ್ನೊಂದು ಯಾರೋ ನುಡಿಸಿ ವಾಪಸು ಕೊಟ್ಟ ಕಂದು ಬಣ್ಣದ್ದು, ಅಂಚೆಲ್ಲ ತರಚಿತ್ತು. ನೀಲಿಯನ್ನು ನೋಡಿದ ಕ್ಷಣವೇ ನನ್ನ ತೀರ್ಮಾನ ಆಗಿಹೋಗಿತ್ತು. ಕಾಕಾರದ್ದು ಆಗಿರಲಿಲ್ಲ. ಒಂದೊಂದನ್ನೇ ಎತ್ತಿ ಒಂದು ಕಣ್ಣು ಮುಚ್ಚಿ, ಯಂತ್ರದ ಶಾಫ್ಟು ನೇರ ಇದೆಯೋ ಇಲ್ಲವೋ ನೋಡುವ ಹಾಗೆ ಅದರ ಕತ್ತಿನುದ್ದಕ್ಕೂ ನೋಡಿದರು. ಕಪ್ಪು ಗಿಟಾರಿನ ಕತ್ತು ಬಾಗಿತ್ತು, ಪಕ್ಕಕ್ಕಿಟ್ಟರು. ತಂತಿಯ ಕೆಳಗೆ ಬಸ್ ಟಿಕೆಟ್ ಮಡಚಿ ತೂರಿಸಿ, "ತಂತಿ ಬಹಳ ಎತ್ತರ ಇದ್ರೆ ಹುಡುಗಿ ಬೆರಳು ಹರಿದುಹೋಗ್ತದೆ" ಎಂದು ಅಂಗಡಿಯವರಿಗೆ ಪಾಠ ಹೇಳಿದರು. ಕಡೆಗೆ ಗಿಟಾರಿನ ಹೆಗಲಿಗೆ ಗಲ್ಲ ಒತ್ತಿ, ಕಣ್ಣು ಮುಚ್ಚಿ, ಒಂದೊಂದೇ ತಂತಿ ಮೀಟಿದರು. ಅಂಗಡಿಯವರು ಬಾಯಿ ಮುಚ್ಚಿಕೊಂಡು ನಗುತ್ತಿದ್ದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ನೀಲಿದು ಬೇಡ ಮಗ. ಒಳಗೆ ಒಂದು ಪಟ್ಟಿ ಸಡಿಲ ಆಗಿದೆ, ಅದುರ್ತದೆ. ಮಳೆಗಾಲಕ್ಕೆ ಬಾಯಿ ಬಿಡ್ತದೆ. ಈ ಕಂದು ತಗೋ. ನೋಡಕ್ಕೆ ಹಳೇದು, ಆದ್ರೆ ಗಟ್ಟಿ ಆಸಾಮಿ."

ಆಗ ನಾನು ಆ ಮಾತು ಅಂದೆ. ಅವರ ಎದುರು ನಿಂತು, ತುಟಿ ಸ್ಪಷ್ಟವಾಗಿ ಕಾಣುವ ಹಾಗೆ ಅಂದೆ. "ನಿಮ್ಗೆ ಕಿವಿನೇ ಕೇಳಲ್ಲ ಕಾಕಾ, ನಿಮ್ಗೇನು ಗೊತ್ತಾಗುತ್ತೆ?"

ಅಂಗಡಿಯವರ ನಗು ನಿಂತುಹೋಯಿತು. ಕಾಕಾ ಕಂದು ಗಿಟಾರನ್ನು ಅದರ ಜಾಗಕ್ಕೆ ವಾಪಸು ಇಟ್ಟರು. ಆಮೇಲೆ ಅಂಗಡಿಯವರ ಕಡೆ ತಿರುಗಿ, "ನುಡಿಸೋಳು ಅವಳಲ್ವಾ, ನೀಲಿದೇ ಕೊಡಿ" ಅಂದರು. ಅಷ್ಟಾದ ಮೇಲೂ ಜಗಳವಾಡಿ ನನಗೆ ಪುಕ್ಕಟೆಯಾಗಿ ಒಂದು ರೆಕ್ಸಿನ್ ಕವರು ಕೊಡಿಸಿದರು. ವಾಪಸು ಬರುವಾಗ ಬಸ್ಸಿನಲ್ಲಿ ಪ್ರತಿ ತಿರುವಿಗೂ ಗಿಟಾರಿಗೆ ಪೆಟ್ಟಾಗದಂತೆ ಅದನ್ನು ಮಂಡಿಗಳ ನಡುವೆ ನಿಲ್ಲಿಸಿ, ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ನಾನು ಕಿಟಕಿಯ ಆಚೆ ನೋಡುತ್ತಾ ಕೂತಿದ್ದೆ. ತಪ್ಪಾಯಿತು ಅನ್ನಲಿಲ್ಲ.

ಜುಲೈ ಬಂತು. ಗೋಡೆಗೆ ಒರಗಿಸಿದ ಗಿಟಾರಿಗೆ ಬೂಷ್ಟು ಹಿಡಿಯತೊಡಗಿತು. ನಮ್ಮ ಕಡೆ ಮಳೆಗಾಲದಲ್ಲಿ ಒಣಗಿರಬೇಕಾದ್ದನ್ನೆಲ್ಲ, ಉಪ್ಪಿನ ಮಡಕೆಯಿಂದ ಹಿಡಿದು ಬಿತ್ತನೆ ಬೀಜದವರೆಗೆ, ಒಲೆಯ ಮೇಲಿನ ಅಟ್ಟದಲ್ಲಿಡುವುದು ವಾಡಿಕೆ. ಜಾಣೆಯಾದ ನಾನು ಗಿಟಾರನ್ನೂ ಅಲ್ಲೇ ಇಟ್ಟೆ. ಒಲೆಯ ಬಿಸಿಗೆ ಅಂಟು ಬಿಟ್ಟುಕೊಂಡಿತು. ಒಂದು ಬೆಳಿಗ್ಗೆ ಇಳಿಸಿ ನೋಡಿದರೆ, ತಂತಿಗಳು ಎಳೆದ ಎಳೆತಕ್ಕೆ ಹೊಟ್ಟೆ ಉಬ್ಬಿ, ಅಂಚು ಕಿತ್ತು, ಕಾಕಾ ಹೇಳಿದ ಹಾಗೆಯೇ ಬಾಯಿ ಬಿಟ್ಟಿತ್ತು.

ಬೇಲಿ ದಾಟಿ ಹತ್ತು ಹೆಜ್ಜೆ ಹೋಗಿ ತೋರಿಸಿದ್ದರೆ ಸಾಕಿತ್ತು. ಹೇಗೆ ಹೋಗಲಿ? ಹಳೇ ಸೀರೆಯಲ್ಲಿ ಸುತ್ತಿ ಅಟ್ಟದ ಹಿಂಬದಿಗೆ ತಳ್ಳಿದೆ. ಕಾಕಾ ಬೇಲಿಯಾಚೆಯಿಂದ ಆಗಾಗ ಗಾಳಿಯಲ್ಲೇ ತಂತಿ ಮೀಟಿ, ಹುಬ್ಬು ಹಾರಿಸಿ ಕೇಳುತ್ತಿದ್ದರು. "ಪೂರ್ತಿ ಕಲಿತ ಮೇಲೆ ಕಾಕಾ" ಅನ್ನುತ್ತಿದ್ದೆ. ನಂಬುತ್ತಿದ್ದರು, ಅಥವಾ ಹಾಗೆ ನಾನು ಅಂದುಕೊಂಡಿದ್ದೆ...

ಮುಂದಿನ ಕೊಯ್ಲಿನಲ್ಲಿ ಕೆಲಸದವಳೊಬ್ಬಳ ಸೆರಗು ಪಲ್ಪರಿನ ಬೆಲ್ಟಿಗೆ ಸಿಕ್ಕಿಕೊಂಡಿತು. ಎಲ್ಲರೂ ಕೂಗಿದರು. ಎಂಜಿನ್ನಿನ ಪಕ್ಕದಲ್ಲೇ ಬೆನ್ನು ಹಾಕಿ ನಿಂತಿದ್ದ ಕಾಕಾರಿಗೆ ಕೇಳಲಿಲ್ಲ. ಸೀರೆ ಹರಿದು ಅವಳು ಉಳಿದುಕೊಂಡಳು. ಯಾರೂ ಕಾಕಾರನ್ನು ಬೈಯಲಿಲ್ಲ. ಅವರೇ ಅವತ್ತು ಸಂಜೆ ಎಸ್ಟೇಟಿನ ಯಜಮಾನರ ಹತ್ತಿರ ಹೋಗಿ, "ಇವತ್ತು ಸೆರಗು, ನಾಳೆ ಕೈ. ಸೀಸನ್ ಮುಗೀತಿದ್ದ ಹಾಗೆ ನನ್ನನ್ನ ಬಿಟ್ಬಿಡಿ" ಅಂದರಂತೆ.

ಹೊರಡುವ ದಿನ ಬೆಳಿಗ್ಗೆ ಟ್ರಂಕು ಜೀಪಿಗೆ ಹಾಕಿಸಿ ನಮ್ಮ ಮನೆಗೆ ಬಂದರು. ಕಾಫಿ ಕುಡಿದು, ನನ್ನನ್ನು ಕರೆದು ಕೂರಿಸಿಕೊಂಡರು.

"ಇನ್ನು ಉಜಿರೆಗೆ ಹೋದ್ರೆ ಈ ಕಡೆ ಬರೋದು ಯಾವಾಗ್ಲೋ. ಗಿಟಾರು ತಗೊಂಡ್ ಬಾ. ಹಾಡು ಬೇಡ ಮಾರಾಯ್ತಿ, ಒಂದು ತಂತಿ ಎಳೆದ್ರೂ ಸಾಕು. ಗಲ್ಲ ಇಟ್ಟು ಕೇಳ್ತೀನಿ."

ನಾನು ತಡವರಿಸಲೂ ಇಲ್ಲ. "ಗಿಟಾರು ಇಲ್ಲಿಲ್ಲ ಕಾಕಾ. ಮೂಡಿಗೆರೇಲಿ ಫ್ರೆಂಡ್ ಮನೇಲಿದೆ" ಅಂದೆ.

ಏನೋ ಹೇಳಲೆಂದು ಅಮ್ಮ ಅಡುಗೆಮನೆಯ ಬಾಗಿಲಿಗೆ ಬಂದಳು. ಕಾಕಾ ಅವಳ ಕಡೆ ನೋಡಿ ತಲೆ ಅಲ್ಲಾಡಿಸಿದರು. ಅಮ್ಮ ಒಳಕ್ಕೆ ಸರಿದಳು. ಆಗ ನನಗೆ ಅದು ಅರ್ಥವಾಗಲಿಲ್ಲ. "ಇರ್ಲಿ, ಮುಂದಿನ ಸಲ ಕೇಳೋಣ" ಎಂದು ಕಾಕಾ ನನ್ನ ತಲೆ ಸವರಿ ಎದ್ದರು. ಜೀಪು ಗೇಟು ದಾಟಿ ಹೋಯಿತು.

ನಾನು ಡಿಗ್ರಿ ಓದಲು ಚಿಕ್ಕಮಗಳೂರಿನ ಹಾಸ್ಟೆಲ್ ಸೇರಿದೆ. ಎರಡನೇ ವರ್ಷ ಇರಬೇಕು... ಅಪ್ಪ ಫೋನ್ ಮಾಡಿದರು. ಕಾಕಾ ಮಗಳ ಮನೆಯಲ್ಲಿ ತೀರಿಕೊಂಡು ವಾರವಾಗಿತ್ತು. ಆ ಶನಿವಾರ ಊರಿಗೆ ಹೋದವಳು, ಯಾಕೋ ಏನೋ, ಚೀಲ ಇಳಿಸಿ ಸೀದಾ ಅಟ್ಟ ಹತ್ತಿದೆ.

ಸೀರೆ ಬಿಚ್ಚಿದರೆ ಗಿಟಾರು ಇಡಿಯಾಗಿತ್ತು. ಕಿತ್ತ ಅಂಚು ಕೂದಲೆಳೆಯಷ್ಟೂ ಸಂದಿಲ್ಲದೆ ಕೂಡಿಕೊಂಡಿತ್ತು. ಹೊಟ್ಟೆ ಮಟ್ಟಸವಾಗಿತ್ತು. ತೂತಿನೊಳಗೆ ಬೆರಳು ಹಾಕಿದರೆ ಹೊಸದಾಗಿ ಕೂರಿಸಿ ನುಣ್ಣಗೆ ಉಜ್ಜಿದ ಮರದ ಪಟ್ಟಿ ಸಿಕ್ಕಿತು. ಕೆಳಗೆ ಅಮ್ಮ ಅಳುತ್ತಿದ್ದಳು.

"ಅಟ್ಟ ಗುಡಿಸುವಾಗ ಕಂಡಿತ್ತು. ನಾನೇ ಅವರಿಗೆ ತೋರಿಸ್ದೆ. ಮೂರು ದಿನ ಇಟ್ಕೊಂಡು ಸರಿ ಮಾಡಿ ಕೊಟ್ರು. ಅವಳಿಗೆ ಹೇಳ್ಬೇಡಿ ಅಕ್ಕ, ಅವಳೇ ಇಳಿಸಿ ನೋಡ್ಲಿ ಅಂದ್ರು."

"ಯಾವಾಗಮ್ಮ?"

"ಅವರು ಉಜಿರೆಗೆ ಹೊರಡೋದಕ್ಕೆ ಒಂದು ವಾರ ಮುಂಚೆ."

ಅಂದರೆ ಅವರು ಬಂದು ಕೂತು ಕೇಳಿದಾಗ ಗಿಟಾರು ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಸರಿಯಾಗಿದೆ ಅಂತಲೂ ಗೊತ್ತಿತ್ತು. ನಾನು ಅಟ್ಟ ಹತ್ತಿ, ಸೀರೆ ಬಿಚ್ಚಿ, ಬೆರಗಾಗಿ ಇಳಿದು ಬರುವುದನ್ನು ನೋಡಲು ಕಾದು ಕೂತಿದ್ದರು. ನಾನು ಅವರ ಕಣ್ಣೆದುರೇ ಸುಳ್ಳು ಹೇಳಿದೆ. ತುಟಿ ನೋಡಿ ಅದನ್ನು ಓದಿಕೊಂಡು, ನನಗೆ ಅವಮಾನವಾಗದಿರಲಿ ಎಂದು ಅಮ್ಮನ ಬಾಯನ್ನೂ ಮುಚ್ಚಿಸಿ ಹೋದರು. ಯಾಕೆ ಬೈಯಲಿಲ್ಲ ಕಾಕಾ? ಒಂದು ಬಾರಿ ಗದರಿಸಿದ್ದರೂ ನಾನು ಓಡಿಹೋಗಿ ತರುತ್ತಿದ್ದೆನಲ್ಲ...

ಗಿಟಾರಿನ ಹೆಗಲ ಮೇಲೆ, ನೀಲಿ ಬಣ್ಣ ಕೊಂಚ ಎದ್ದುಹೋದ ಕಡೆ, ಎರಡು ಸಣ್ಣ ಗುಳಿಗಳಿದ್ದವು. ಹಲ್ಲಿನ ಗುರುತು. ಸರಿ ಮಾಡಿದ ಮೇಲೆ ಎಲ್ಲೂ ಅದುರುವುದಿಲ್ಲ ತಾನೇ ಎಂದು ತಮ್ಮ ಮನೆಯಲ್ಲಿ ಒಬ್ಬರೇ ಕೂತು ಕಚ್ಚಿ ಕೇಳಿದ್ದಾರೆ.

ಕಳೆದ ವಾರ ಕಣ್ಣೊರೆಸಿಕೊಂಡು ಗ್ಯಾರೇಜಿಗೆ ವಾಪಸು ಹೋದಾಗ ಮೆಕ್ಯಾನಿಕ್ "ಬೇರಿಂಗ್ ಹೋಗಿದೆ ಮೇಡಂ, ನಾಳೆ ಬನ್ನಿ" ಅಂದ. ಆಟೋ ಹಿಡಿದು ಮನೆಗೆ ಬಂದೆ. ಗಿಟಾರು ಈಗಲೂ ನನ್ನ ಹತ್ತಿರವೇ ಇದೆ. ನಾನು ಅದನ್ನು ಕಲಿಯಲೇ ಇಲ್ಲ. ಗೋಡೆಯಿಂದ ಇಳಿಸಿ, ಧೂಳೊರೆಸಿ, ಆ ಎರಡು ಗುಳಿಗಳ ಮೇಲೆ ನನ್ನ ಹಲ್ಲಿಟ್ಟು, ತುಕ್ಕು ಹಿಡಿದ ದಪ್ಪ ತಂತಿಯೊಂದನ್ನು ಎಳೆದೆ. ಸದ್ದು ದವಡೆಯಿಂದ ಹತ್ತಿ ತಲೆಯೊಳಗೆಲ್ಲ ತುಂಬಿತು. ಎಲ್ಲೂ ಅದುರಲಿಲ್ಲ.

ಹಾಡು ಬೇಡ ಅಂದಿದ್ದರು. ಒಂದು ತಂತಿ ಸಾಕು ಅಂದಿದ್ದರು. ಅದನ್ನೂ ನಾನು ಕೊಡಲಿಲ್ಲ.