ಪೊಲೀಸ್ ತರಬೇತಿಯಲ್ಲಿ ಸೋತ ಖಳನಾಯಕ

“ಹತ್ರ ಬಂದ್ರ ತಲಿ ಒಡೀತೀನಿ!” ಎಂದು ಬಡಿಗೆ ಎತ್ತಿ ಅಬ್ಬರಿಸಿದೆ. ಎದುರಿಗೆ ನಿಂತಿದ್ದವಳು ಹೊಸದಾಗಿ ಸೇರಿದ್ದ ಮಹಿಳಾ ಪೇದೆ. ಅದು ಕೊಪ್ಪಳದಲ್ಲಿ ನಡೆದ ಪೊಲೀಸ್ ತರಬೇತಿ. ರೊಚ್ಚಿಗೆದ್ದವರನ್ನು ಲಾಠಿ ಎತ್ತದೆ ಸಮಾಧಾನ ಮಾಡುವುದನ್ನು ಕಲಿಸಲು ಸರ್ಕಾರ ಅನುದಾನ ಕೊಟ್ಟಿತ್ತು. ಬೇವೂರಿನ ನಾಟಕಗಳಲ್ಲಿ ಖಳನಾಯಕನಾಗಿ ಹೆಸರು ಮಾಡಿದ್ದ ನನ್ನನ್ನು ಜಗಳಗಂಟ ಕುಡುಕನ ಪಾತ್ರಕ್ಕೆ ಕರೆಸಿದ್ದರು. ಸರ್ಕಾರದ ದುಡ್ಡು ದಂಡವೆಂದು ಇವತ್ತು ತೋರಿಸಿಯೇ ಬಿಡುತ್ತೇನೆ ಎಂಬ ಹುಮ್ಮಸ್ಸಿನಲ್ಲಿ ನಾನು ತಿಂಡಿಯನ್ನೂ ತಿಂದಿರಲಿಲ್ಲ.

ಆ ಹುಡುಗಿ ಹೆದರಲಿಲ್ಲ, ಗದರಲೂ ಇಲ್ಲ. ಸ್ವಲ್ಪ ದೂರದಲ್ಲೇ ನೆಲದ ಮೇಲೆ ಕುಳಿತು, “ಕಾಕಾ, ಮುಂಜಾನಿಂದ ಏನರ ತಿಂದೀರೇನ್ರಿ? ಕೈ ನಡಗಾಕತ್ತಾವ” ಎಂದಳು.

ನೋಡಿಕೊಂಡರೆ ಕೈಗಳು ನಿಜವಾಗಿಯೂ ನಡುಗುತ್ತಿದ್ದವು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಖಾಲಿ ಹೊಟ್ಟೆಯಲ್ಲಿ ಬಂದಿದ್ದೆನಲ್ಲ! ಕಂಠಪಾಠ ಮಾಡಿದ್ದ ಬೈಗುಳಗಳೆಲ್ಲ ಮರೆತುಹೋದವು. “ಇಲ್ಲವ್ವಾ” ಎಂದು ಬಡಿಗೆ ಕೆಳಗಿಟ್ಟು ಕುಳಿತೇಬಿಟ್ಟೆ. ಅವಳು ಓಡಿಹೋಗಿ ತನ್ನ ಚೀಲದಿಂದ ಶೇಂಗಾ ಉಂಡೆ ತಂದುಕೊಟ್ಟಳು.

“ಸರ, ನೀವು ಇನ್ನೂ ಭಾಳ ಹೊತ್ತು ಜಗಳಾಡಬೇಕಿತ್ರಿ” ಎಂದು ತರಬೇತಿ ಕೊಡುತ್ತಿದ್ದ ಅಧಿಕಾರಿ ತಲೆ ಕೆರೆದುಕೊಂಡರು. ನಾನು ಬಾಯಿತುಂಬ ಉಂಡೆ ತುಂಬಿಕೊಂಡು ಇನ್ನೊಂದಕ್ಕೆ ಕೈ ಚಾಚಿದೆ. ಸುತ್ತಲಿದ್ದವರೆಲ್ಲ ಜೋರಾಗಿ ಚಪ್ಪಾಳೆ ತಟ್ಟಿದರು, ಆದರೆ ನನಗಲ್ಲ.

ಪೊಲೀಸರಿಗೆ ಮಾತಾಡಲು ಕಲಿಸುವುದಕ್ಕೆ ನಮ್ಮ ತೆರಿಗೆ ದುಡ್ಡು ಯಾಕೆ ಎಂಬ ಚರ್ಚೆ ನಮ್ಮೂರಿನ ಚಹಾದಂಗಡಿಯಲ್ಲಿ ಈಗಲೂ ನಡೆಯುತ್ತದೆ. ಮೊದಲು ಎಲ್ಲರಿಗಿಂತ ಜೋರಾಗಿ ವಾದಿಸುತ್ತಿದ್ದ ನಾನು ಮಾತ್ರ ಆರಿದ ಚಹಾವನ್ನೇ ಊದುತ್ತ ಕೂರುತ್ತೇನೆ.