ಅಕ್ಕ ಗೆದ್ದ ಕೊನೆಯ ರೇಸು

ಸೇಲಂನ ನಮ್ಮ ಮನೆಯಲ್ಲಿ, ನಾನು ಚಿಕ್ಕವನಿದ್ದಾಗ, ಅಪ್ಪನನ್ನು ಬಿಟ್ಟರೆ ಎಲ್ಲರಿಗಿಂತ ಮೊದಲು ಏಳುತ್ತಿದ್ದವಳು ಅಕ್ಕ; ಕತ್ತಲಿರುವಾಗಲೇ ಅಪ್ಪ ಅವಳನ್ನು ಎಬ್ಬಿಸುತ್ತಿದ್ದ. ಅಪ್ಪ ನೇಕಾರ. ತಾರಮಂಗಲಕ್ಕೆ ನೂಲಿನ ಕಟ್ಟು ಒಯ್ಯಲೆಂದು ಅವಳಿಗೆ ಸೈಕಲ್ ಕಲಿಸಿದ್ದ. ಕಟ್ಟು ಹೇರಿಕೊಂಡೇ ಅವಳು ಗಂಡುಹುಡುಗರನ್ನು ಹಿಂದೆ ಹಾಕುತ್ತಿದ್ದುದನ್ನು ನೋಡಿ ಅಪ್ಪ ಅವಳನ್ನು ರೇಸಿಗೆ ಸೇರಿಸಿದ. ಅವಳು ರಾಜ್ಯಕ್ಕೇ ಚಾಂಪಿಯನ್ ಆದಳು, ದಿಲ್ಲಿಯವರೆಗೂ ಹೋಗಿ ಪದಕ ತಂದಳು. ಏರ್ಕಾಡ್ ಘಾಟಿಯನ್ನು ದಿನಾ ಬೆಳಿಗ್ಗೆ ಹತ್ತಿ ಇಳಿಯುವುದೇ ಅವಳ ಅಭ್ಯಾಸ. ಒಮ್ಮೆ ಬಿದ್ದು ಭುಜದ ಮೂಳೆ ಮುರಿದಿತ್ತು. ಕೂಡಿಕೊಂಡ ಮೇಲೂ ಚಳಿಗೆ ನೋಯುತ್ತಿತ್ತು. ಅದನ್ನು ಅಮ್ಮನಿಗೆ ಮಾತ್ರ ಹೇಳುತ್ತಿದ್ದಳು.

ಆ ದಿನ ಧರ್ಮಪುರಿಯ ಮೈದಾನದಲ್ಲಿ ರೇಸು. ಅಪ್ಪನ ಜೊತೆ ನಾನೂ ಹೋಗಿದ್ದೆ. ಮಣ್ಣಿನ ಟ್ರ್ಯಾಕ್ ಕಾದು ಸುಟ್ಟ ಇಟ್ಟಿಗೆಯ ವಾಸನೆ ಬರುತ್ತಿತ್ತು. ಟ್ರ್ಯಾಕ್ ರೇಸಿನ ಸೈಕಲ್ಲಿಗೆ ಬ್ರೇಕ್ ಇರುವುದಿಲ್ಲ. ಚಕ್ರ ತಿರುಗುವವರೆಗೆ ಪೆಡಲೂ ತಿರುಗುತ್ತದೆ, ಕಾಲಿಗೆ ಬಿಡುವೇ ಇಲ್ಲ. ಕೊನೆಯ ಸುತ್ತಿನಲ್ಲಿ ಕೊಯಮತ್ತೂರಿನ ಹುಡುಗಿ ಮುಂದಿದ್ದಳು. ತಿರುವಿನಲ್ಲಿ ಅಕ್ಕ ಹೊರಗಿನಿಂದ ನುಗ್ಗಿ, ಅರ್ಧ ಚಕ್ರದಷ್ಟು ಮುಂದಾಗಿ ಗೆರೆ ದಾಟಿದಳು. ಜನ ಶಿಳ್ಳೆ ಹೊಡೆದರು. ಅವಳು ನಗಲಿಲ್ಲ. ಬೇವಿನ ಮರದ ಕೆಳಗೆ ಕುಸಿದು ಕುಳಿತಳು. ನಾನು ಕೊಟ್ಟ ಚೊಂಬಿನ ನೀರನ್ನು ತಲೆಯ ಮೇಲೆ ಸುರಿದುಕೊಂಡಳು.

“ಪೋದುಂ ಅಪ್ಪಾ, ಸಾಕಾಗೈತೆ. ಇನ್ಮೇಲೆ ರೇಸ್‌ಗೆ ಓಗಲ್ಲ,” ಅಂದಳು.

“ಗೆದ್ದಿದೀಯಲ್ಲಮ್ಮಾ,” ಅಂದ ಅಪ್ಪ.

“ಗೆದ್ದೆ. ಅದ್ಕೇ ಇವತ್ತೇ ಬುಡ್ತೀನಿ. ಸೋತು ಬುಟ್ರೆ ಬಯಕ್ಕೆ ಬುಟ್ಲು ಅಂತಾರೆ.”

ಅಪ್ಪ ಸೈಕಲ್ಲನ್ನು ಹೊತ್ತುಕೊಂಡು ಹೋಗಿ ಬಸ್ಸಿನ ಮೇಲೆ ಕಟ್ಟಿದ. ಬಸ್ಸು ಊರು ಬಿಟ್ಟು ಬಹಳ ಹೊತ್ತಾದ ಮೇಲೆ ಅಕ್ಕನ ಕಡೆ ತಿರುಗಿ, “ನಾಳೆ ಎಬ್ಬುಸಾಕಿಲ್ಲ, ಮಲಿಕ್ಕೋ ಮಗಾ,” ಅಂದ. ಅಷ್ಟರಲ್ಲಿ ಅವಳು ನನ್ನ ಹೆಗಲಿಗೆ ತಲೆಯಿಟ್ಟು ನಿದ್ದೆಹೋಗಿದ್ದಳು.

ಮರುದಿನ ಬಿಸಿಲು ಹಾಸಿಗೆಯವರೆಗೆ ಬಂದರೂ ಅಕ್ಕ ಏಳಲಿಲ್ಲ. ಸದ್ದಾದೀತೆಂದು ಅಪ್ಪ ಮಗ್ಗ ಮುಟ್ಟದೆ ಸುಮ್ಮನೆ ಕುಳಿತಿದ್ದ. ಆಮೇಲೆ ಅವಳು ಯಾವ ರೇಸಿಗೂ ಹೋಗಲಿಲ್ಲ.

ಮಕ್ಕಳೇ, ಈಗ ರೇಸಿಗೆ ತಯಾರಾಗುವ ನೀವು ಹೆಲ್ಮೆಟ್ ಹಾಕಿಕೊಂಡು ಸೈಕಲ್ ತುಳಿಯುತ್ತೀರಿ. ನಿಮ್ಮ ಕೈಯ ವಾಚು ಎದೆಬಡಿತವನ್ನೂ ಎಣಿಸುತ್ತದೆ. ಭಾನುವಾರ ಸೈಕಲ್ ಮುಟ್ಟಬಾರದೆಂದು ನಿಮ್ಮ ಕೋಚೇ ಹೇಳುತ್ತಾರೆ. ಅಂಥದೊಂದು ರಜೆ ಕೇಳಬಹುದೆಂದು ಅಕ್ಕನಿಗೆ ಗೊತ್ತಿರಲಿಲ್ಲ, ಕೊಡಬಹುದೆಂದು ಅಪ್ಪನಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಅವಳು ಇನ್ನೂ ಕೆಲವು ವರ್ಷ ರೇಸಿನಲ್ಲಿ ಸೈಕಲ್ ಓಡಿಸುತ್ತಿದ್ದಳು ಅಂತ ಈಗ ಅನಿಸುತ್ತದೆ.