ಇಬ್ಬರ ಮನೆ, ಒಂದು ಬಿಂದು

ನಾನು ಆರಡಿ ಎತ್ತರದವನು. ಜಂಬಕ್ಕೆ ಹೇಳುತ್ತಿಲ್ಲ, ಮನೆ ಕಟ್ಟಿಸುವವರಿಗೆ ನಾನು ಬರೆದುಕೊಡುವ ಚಿತ್ರಗಳಲ್ಲಿ ಕಾಂಪೌಂಡ್ ಗೋಡೆಗಳೆಲ್ಲ ಗಿಡ್ಡ ಕಾಣುವುದಕ್ಕೆ ಅದೇ ಕಾರಣ. ಹತ್ತಿರ-ದೂರವನ್ನು ಕಣ್ಣಿಗೆ ಕಂಡಂತೆ ತೋರಿಸುವ ಪರ್ಸ್ಪೆಕ್ಟಿವ್ ಚಿತ್ರಕ್ಕೆ ಮೊದಲು ನೋಡುವವರ ಕಣ್ಣಿನ ಮಟ್ಟಕ್ಕೆ ಒಂದು ಅಡ್ಡಗೆರೆ ಎಳೆಯಬೇಕು. ಯಾರ ಕಣ್ಣು ಎಂದು ಯಾರೂ ಕೇಳದ್ದರಿಂದ ಇಷ್ಟು ವರ್ಷ ನನ್ನದನ್ನೇ ಇಟ್ಟುಕೊಂಡು ಬಂದೆ.

ಆಮೇಲೆ ಆ ಗೆರೆಯ ಮೇಲೊಂದು ಬಿಂದು. ನಮ್ಮಿಂದ ದೂರ ಓಡುವ ಗೆರೆಗಳೆಲ್ಲ ಅಲ್ಲಿ ಹೋಗಿ ಕೂಡುತ್ತವೆ. ಹತ್ತಿರದ್ದು ದೊಡ್ಡದು, ದೂರದ್ದು ಸಣ್ಣದು. ಮೂಲೆಯಲ್ಲಿ ನಿಂತು ನೋಡಿದರೆ ಬಿಂದುಗಳು ಎರಡಾಗುತ್ತವೆ, ಜಗಳಕ್ಕೂ ಜಾಗವಾಗುತ್ತದೆ.

ಖಾನಾಪುರದ ಈರಪ್ಪ, ಶಿವಾನಂದ ಅಣ್ಣತಮ್ಮಂದಿರು. ಹಳೆಯ ಮನೆ ಕೆಡವಿ, ನಡುವೆ ಗೋಡೆ ಹಾಕಿ ಜೋಡಿಮನೆ ಕಟ್ಟಲು ಹೊರಟಿದ್ದರು. ಮಹಾಂತೇಶ ನಗರದ ನನ್ನ ಆಫೀಸಿನಲ್ಲಿ ಕೂತು ನಕ್ಷೆಗೆ ಇಬ್ಬರೂ ಒಪ್ಪಿದರು. ಚಿತ್ರ ನೋಡಿದ ಮೇಲೆ ಶಿವಾನಂದರ ಮುಖ ಊದಿಕೊಂಡಿತು. ನಾನು ಎಡಮೂಲೆಯಲ್ಲಿ ನಿಂತಂತೆ ಬರೆದಿದ್ದೆ. ಅಣ್ಣನ ಮನೆ ಮುಂದೆ ಬಂದು ಇವರದು ಹಿಂದೆ ಸರಿದು ಕುಗ್ಗಿತ್ತು. ಬಲಮೂಲೆಯಿಂದ ಬರೆದೆ. ಈಗ ಈರಪ್ಪನವರಿಗೆ ನನ್ನ ಮೇಲೇ ನಂಬಿಕೆ ಹೋಯಿತು.

ಹಳೆಯ ಭಿತ್ತಿಚಿತ್ರ ಬರೆದವರು ಜಾಣರು. ರಾಜ ಎಲ್ಲೇ ನಿಂತಿರಲಿ, ದೊಡ್ಡವನು. ಸೇವಕ ಮುಂದೆ ನಿಂತರೂ ಸಣ್ಣವನು. ಅವರದು ದೂರದ ಲೆಕ್ಕವಲ್ಲ, ಯೋಗ್ಯತೆಯ ಲೆಕ್ಕ. ಅಣ್ಣತಮ್ಮಂದಿರು ನನ್ನ ಚಿತ್ರವನ್ನು ಆ ಕಣ್ಣಿನಿಂದಲೇ ನೋಡಿದರು. ಹಾಗಿದ್ದರೆ ಜಾಗವನ್ನೇ ಹಂಚಿಕೊಂಡು ಬೇರೆ ಬೇರೆ ಕಟ್ಟೋಣ ಎನ್ನುವ ತನಕ ಮಾತು ಬೆಳೆಯಿತು. ನಾನು ನಿಂತ ಜಾಗದಿಂದ ಒಂದು ಮನೆತನ ಒಡೆಯುತ್ತದಲ್ಲ ಎಂದು ನನಗೆ ನಿಜವಾಗಿಯೂ ಹೆದರಿಕೆಯಾಯಿತು.

ಮೂರನೆಯ ಸಲ ನಟ್ಟನಡುವೆ ನಿಂತು ಬರೆದೆ. ಎರಡೂ ಮನೆ ಕೂದಲೆಳೆಯ ವ್ಯತ್ಯಾಸವಿಲ್ಲದೆ ಸಮ. ಇಬ್ಬರೂ ಹಗುರಾದರು. ಅಂದು ಅವರ ತಂಗಿ ಗಂಗವ್ವನೂ ಬಂದಿದ್ದರು; ಅವರನ್ನು ಇಲ್ಲೇ ರವಿವಾರ ಪೇಟೆಗೆ ಕೊಟ್ಟಿದ್ದಾರೆ. ಚಿತ್ರವನ್ನು ಹತ್ತಿರ ಎಳೆದುಕೊಂಡು ಬಹಳ ಹೊತ್ತು ನೋಡಿದರು.

"ಇಬ್ಬರದೂ ಸಮ ಐತಿ, ಖರೇ ಅಣ್ಣಾ," ಅಂದರು. "ಆದ್ರ ನಾ ತವರಮನಿಗೆ ಬಂದ್ರ ಎದುರಿಗೆ ಕಾಣೂದು ಬರೇ ಗ್ವಾಡಿ. ಯಾವ ಬಾಗಲಾ ಬಡೀಲಿ?"

ಗೆರೆಗಳೆಲ್ಲ ಹೋಗಿ ಕೂಡುವ ಬಿಂದು ಎರಡು ಮನೆಗಳ ನಡುವಿನ ಆ ಗೋಡೆಯ ಮೇಲೇ ಬಿದ್ದಿತ್ತು. ಲೆಕ್ಕದಲ್ಲಿ ತಪ್ಪಿರಲಿಲ್ಲ, ಆದರೂ ನನಗೆ ಕೆಟ್ಟದೆನಿಸಿತು. ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಪಡಸಾಲಿ ಒಂದ ಇರಲಿ ರೀ," ಅಂದರು ಈರಪ್ಪ. "ತಲಬಾಗಲಾನೂ ಒಂದ. ಗ್ವಾಡಿ ಅದರ ಒಳಗಿಂದ ಸುರು ಮಾಡ್ರಿ."

ಶಿವಾನಂದ ತಲೆಯಾಡಿಸಿದರು.

ಮತ್ತೆ ಬರೆದೆ. ಬಿಂದು ನಟ್ಟನಡುವೆಯೇ ಉಳಿಯಿತು. ಈಗ ಅದು ತೆರೆದ ಬಾಗಿಲೊಳಗೆ ಬಿದ್ದಿದೆ. ಅಡ್ಡಗೆರೆಯನ್ನು ಮಾತ್ರ ನನ್ನ ಕಣ್ಣಿಗಿಂತ ಒಂದು ಗೇಣು ಕೆಳಗಿಟ್ಟೆ. ಗಂಗವ್ವ ನನ್ನಷ್ಟು ಎತ್ತರವಿಲ್ಲ.